ತೆಗೆದ ಟ್ಯೂಬಿನ ಬಯಾಪ್ಸಿ ರಿಪೋರ್ಟಲ್ಲಿ ಇಷ್ಟೆಲ್ಲ ಬರೆದಿದ್ದಾರೆ, ಹೆದರ್ಬೇಕಾ?

ಸಂತೆಕಟ್ಟೆಯ ತಂಗಿ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ವಿಷಯ ಕೇಳ್ಲಿಕ್ಕೆ ಬರೀತಾ ಇದ್ದೇನೆ. ಅವಳಿಗೆ 46 ವರ್ಷ. ಫೈಬ್ರಾಯ್ಡ್‌ನಿಂದಾಗಿ ಮುಟ್ಟಿನ ರಕ್ತ ನಿಲ್ತಾನೇ ಇರ್ಲಿಲ್ಲ, ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. ಮಳೆ ಶುರುವಾಗುವ ಮೊದಲು ಗರ್ಭಕೋಶ ತೆಗೆದ್ರು. ಓವರಿ (ಅಂಡಾಶಯ) ಎರಡನ್ನೂ ಇಟ್ಟಿದ್ದಾರೆ, ಟ್ಯೂಬ್ (ಅಂಡನಾಳ) ಎರಡನ್ನೂ ತೆಗೆದಿದ್ದಾರೆ. ಗಾಯ ಒಣಗಿದೆ, ಈಗ ಸಣ್ಣಪುಟ್ಟ ಕೆಲಸ ಮಾಡ್ತಾಳೆ.

ತೊಂದರೆ ಬಂದದ್ದು ಬಯಾಪ್ಸಿ ರಿಪೋರ್ಟ್ ಓದಿದ ಮೇಲೆ. ಡಾಕ್ಟ್ರು ಅದನ್ನು ನೋಡಿ "ಎಲ್ಲ ನಾರ್ಮಲ್ ಉಂಟು, ಏನೂ ಇಲ್ಲ" ಅಂತ ಹೇಳಿ ಕಳಿಸಿದ್ರು. ಮನೆಗೆ ಬಂದು ಓದಿದ್ರೆ ಬಲಗಡೆ ಟ್ಯೂಬಿನ ಪಕ್ಕದಲ್ಲಿ 0.8 ಸೆಂಟಿಮೀಟರಿನ ಪ್ಯಾರಾಟ್ಯೂಬಲ್ ಸಿಸ್ಟ್, ಜೊತೆಗೆ ವಾಲ್ಥಾರ್ಡ್ ಸೆಲ್ ನೆಸ್ಟ್ಸ್. ಎಡಗಡೆಯದ್ದರಲ್ಲಿ ಹೈಡ್ರೋಸಾಲ್ಪಿಂಕ್ಸ್, ಕ್ರಾನಿಕ್ ಸಾಲ್ಪಿಂಜೈಟಿಸ್. ಕೊನೆಗೆ ಕ್ಯಾನ್ಸರ್ ಕಾಣ್ಲಿಲ್ಲ ಅಂತ ಬರೆದಿದ್ದಾರೆ. ಇಷ್ಟೆಲ್ಲ ಇದ್ರೆ ಅದು ನಾರ್ಮಲ್ ಹೇಗೆ? ಅಕ್ಕ ರಾತ್ರಿಯಿಡೀ ಮೊಬೈಲಲ್ಲಿ ಹುಡುಕ್ತಾಳೆ. ಭಾವ ಸಾಲ್ಪಿಂಜೈಟಿಸ್ ಅಂದ್ರೆ ಎಂತ ಅಂತ ಹುಡುಕಿ, ಸೋಂಕಿನ ಕಾಯಿಲೆ ಅಂತ ಓದಿ, ಎರಡು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ.

ಇನ್ನೊಂದು ಪ್ರಶ್ನೆಯೂ ಉಂಟು. ಗಡ್ಡೆ ಇದ್ದದ್ದು ಗರ್ಭಕೋಶದಲ್ಲಿ. ಓವರಿ ಇಟ್ಟ ಮೇಲೆ ಟ್ಯೂಬ್ ಯಾಕೆ ತೆಗೆದದ್ದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಸ್ಲೈಡ್ ನೋಡುವವಳು

ತಂಗಿ, ನಾನು ಪೆಥಾಲಜಿಸ್ಟ್. ಇಲ್ಲೇ ಕರಾವಳಿಯಲ್ಲಿ ಕೆಲಸ. ದಿನವೂ ಗರ್ಭಕೋಶ, ಟ್ಯೂಬ್, ಓವರಿ ಕತ್ತರಿಸಿ ನೋಡುವುದೇ ನನ್ನ ಕೆಲಸ. ಅಕ್ಕನ ಸ್ಲೈಡನ್ನು ನಾನು ನೋಡಿಲ್ಲ, ಆದ್ದರಿಂದ ನೀವು ಬರೆದ ಪದಗಳ ಅರ್ಥ ಮಾತ್ರ ಹೇಳ್ತೇನೆ. ಮೊದಲು ನನ್ನದೊಂದು ಪ್ರಶ್ನೆ: ಅಕ್ಕನಿಗೆ ಹಿಂದೆ ಮಕ್ಕಳಾಗದ ಹಾಗೆ ಆಪರೇಷನ್ ಆಗಿತ್ತಾ?

ಪ್ಯಾರಾಟ್ಯೂಬಲ್ ಸಿಸ್ಟ್ ಬಹಳ ಜನರಲ್ಲಿ ಸಿಗ್ತದೆ. ನಾವು ತಾಯಿಯ ಹೊಟ್ಟೆಯಲ್ಲಿ ಬೆಳೆಯುವಾಗ ಇದ್ದ ಕೆಲವು ನಾಳಗಳ ಚೂರು ಹಾಗೇ ಉಳಿದು, ಅದರೊಳಗೆ ತಿಳಿನೀರು ತುಂಬಿ ಸಣ್ಣ ಗುಳ್ಳೆ ಆಗ್ತದೆ. ಟ್ಯೂಬಿನ ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡದು ಜೋತುಬಿದ್ದದ್ದನ್ನು ನಾವು ವಾರಕ್ಕೆ ಹಲವು ಸಲ ನೋಡ್ತೇವೆ. ದೊಡ್ಡದಾಗಿ ತಿರುಚಿಕೊಂಡ್ರೆ ಮಾತ್ರ ಹೊಟ್ಟೆನೋವು ಬರ್ತದೆ. 0.8 ಸೆಂಟಿಮೀಟರ್ ಅಂದ್ರೆ ಅದು ಅಲ್ಲಿತ್ತು ಅನ್ನುವ ಸುದ್ದಿಯೇ ಅಕ್ಕನಿಗೆ ಗೊತ್ತಾಗ್ತಿರ್ಲಿಲ್ಲ. ವಾಲ್ಥಾರ್ಡ್ ನೆಸ್ಟ್ ಅದಕ್ಕಿಂತಲೂ ಸಣ್ಣ ವಿಷಯ. ಟ್ಯೂಬಿನ ಹೊರಮೈ ಮೇಲೆ ಒಂದೆರಡು ಮಿಲಿಮೀಟರಿನ ಬಿಳಿ ಚುಕ್ಕೆ. ಅದಕ್ಕೆ ಮದ್ದೂ ಬೇಡ, ಫಾಲೋಅಪ್ಪೂ ಬೇಡ.

ಹೈಡ್ರೋಸಾಲ್ಪಿಂಕ್ಸ್ ಅಂದ್ರೆ ಟ್ಯೂಬಿನ ಒಂದು ತುದಿ ಮುಚ್ಚಿ ಒಳಗೆ ನೀರು ತುಂಬಿ ಉಬ್ಬಿದ್ದು. ಒಳಗಿನ ಮಡಿಕೆಗಳು ಚಪ್ಪಟೆಯಾಗಿರ್ತವೆ. ಕ್ರಾನಿಕ್ ಸಾಲ್ಪಿಂಜೈಟಿಸ್ ಅಂದ್ರೆ ಆ ಮಡಿಕೆಗಳಲ್ಲಿ ಪ್ಲಾಸ್ಮಾ ಕಣ, ಲಿಂಫೋಸೈಟ್ ಅನ್ನುವ ಉರಿಯೂತದ ಕಣಗಳು ಕಂಡಿವೆ, ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿವೆ ಅಂತ. ಯಾವತ್ತೋ ಆದ ಉರಿಯೂತದ ಗುರುತು ಅದು.

ಭಾವನಿಗೆ ಇದನ್ನು ತೋರಿಸಿ. ಆ ಗುರುತಿನಿಂದ ಸೋಂಕು ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಪೆಥಾಲಜಿಸ್ಟಿಗೂ ಹೇಳ್ಲಿಕ್ಕೆ ಆಗುವುದಿಲ್ಲ. ಹೆರಿಗೆಯ ನಂತರ ಬರಬಹುದು, ಗರ್ಭಪಾತದ ನಂತರ ಬರಬಹುದು, ಪಕ್ಕದ ಅಪೆಂಡಿಕ್ಸ್ ಒಡೆದಾಗ ಹರಡಬಹುದು. ಒಂದು ಪದ ಓದಿ ಹೆಂಡತಿಯ ಮೇಲೆ ಸಂಶಯ ಪಡುವುದು ದೊಡ್ಡ ಅನ್ಯಾಯ. ಲ್ಯಾಬಿಗೆ ಬಂದು ಅತ್ತ ಹೆಂಗಸರನ್ನು ನಾನು ನೋಡಿದ್ದೇನೆ, ಅದಕ್ಕೆ ಇಷ್ಟು ಖಡಾಖಂಡಿತವಾಗಿ ಹೇಳ್ತೇನೆ.

ಡಾಕ್ಟ್ರು ನಾರ್ಮಲ್ ಅಂದದ್ದು ಮುಂದಿನ ಚಿಕಿತ್ಸೆ ಬೇಡ ಅನ್ನುವ ಅರ್ಥದಲ್ಲಿ. ನಾವು ಕಂಡದ್ದನ್ನೆಲ್ಲ ಬರೀಬೇಕು, ಅದು ನಮ್ಮ ಕರ್ತವ್ಯ. ಇವೆರಡರ ನಡುವೆ ಎರಡು ನಿಮಿಷ ಕೂತು ವಿವರಿಸುವವರು ಬೇಕು. ನಮ್ಮ ಕಡೆ ಒಪಿಡಿಯ ಗದ್ದಲದಲ್ಲಿ ಆ ಎರಡು ನಿಮಿಷವೇ ಸಿಗುವುದಿಲ್ಲ.

ಸಂತೆಕಟ್ಟೆಯ ತಂಗಿ

ಮೇಡಂ, ಎಷ್ಟು ಉಪಕಾರ ಆಯ್ತು. ಹೌದು, ಎರಡನೇ ಹೆರಿಗೆ ಆದ ಕೂಡ್ಲೇ ಆಪರೇಷನ್ ಮಾಡಿಸಿದ್ದು. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಸ್ಲೈಡ್ ನೋಡುವವಳು

ಉಂಟು. ಟ್ಯೂಬ್ ಕಟ್ಟಿ ಕತ್ತರಿಸಿದ ಮೇಲೆ ಉಳಿದ ಭಾಗದಲ್ಲಿ ನೀರು ತುಂಬಿ ಉಬ್ಬುವುದು ಸಾಮಾನ್ಯ. ವರ್ಷಗಟ್ಟಲೆ ಹಾಗೇ ಇರ್ತದೆ. ಭಾರತದಲ್ಲಿ ಮದುವೆಯಾದ ಹೆಂಗಸರಲ್ಲಿ 37.9 ಶೇಕಡಾ ಜನ ಈ ಆಪರೇಷನ್ ಮಾಡಿಸಿಕೊಂಡವರು ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳ್ತದೆ. ದಕ್ಷಿಣದ ರಾಜ್ಯಗಳಲ್ಲಿ ಇನ್ನೂ ಹೆಚ್ಚು. ಹಾಗಾಗಿ ನಮ್ಮ ಟೇಬಲ್ಲಿಗೆ ಬರುವ ಗರ್ಭಕೋಶಗಳಲ್ಲಿ ಮಧ್ಯೆ ತುಂಡಾದ ಟ್ಯೂಬ್ ನೋಡುವುದು ನಮಗೆ ಅಭ್ಯಾಸ. ರಿಪೋರ್ಟ್ ಬರೆಯುವವರಿಗೆ ಹಳೆ ಆಪರೇಷನ್ನಿನ ವಿಷಯ ಗೊತ್ತಿದ್ರೆ ಅದನ್ನೂ ಒಂದು ಸಾಲು ಬರೀತಿದ್ರು. ರಿಕ್ವೆಸ್ಟ್ ಫಾರ್ಮಿನಲ್ಲಿ ಹಿಸ್ಟರಿ ಅನ್ನುವ ಜಾಗದಲ್ಲಿ ಎಷ್ಟೋ ಸಲ ವಯಸ್ಸು ಬಿಟ್ರೆ ಬೇರೇನೂ ಇರುವುದಿಲ್ಲ.

ಟ್ಯೂಬ್ ಯಾಕೆ ತೆಗೆದದ್ದು ಅನ್ನುವುದಕ್ಕೆ ಸಂಜೆ ವಿವರವಾಗಿ ಬರೀತೇನೆ.

ಬಂಟ್ವಾಳದ ಅತ್ತಿಗೆ

ನಾನೂ ಒಂದು ಹೇಳ್ತೇನೆ. ನನ್ನ ನಾದಿನಿಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಾಗಿರ್ಲಿಲ್ಲ. ಹರಕೆ, ನಾಗನಿಗೆ ತನು, ಸುಬ್ರಹ್ಮಣ್ಯಕ್ಕೆ ಹೋಗಿ ಸೇವೆ, ಎಲ್ಲ ಆಯ್ತು. ಕೊನೆಗೆ ಐವಿಎಫ್ ಮಾಡುವ ಮೊದಲು ಉಬ್ಬಿದ ಟ್ಯೂಬ್ ತೆಗೀಬೇಕು, ಇಲ್ಲದಿದ್ರೆ ಅದರ ನೀರು ಗರ್ಭಕೋಶಕ್ಕೆ ಇಳಿದು ಭ್ರೂಣ ನಿಲ್ಲುವುದಿಲ್ಲ ಅಂತ ಮಂಗಳೂರಿನ ಡಾಕ್ಟ್ರು ಹೇಳಿದ್ರು. ತೆಗೆದು ಬಯಾಪ್ಸಿಗೆ ಕಳಿಸಿದ್ರೆ ಬಂದದ್ದು ಟಿಬಿ.

ಅವಳಿಗೆ ಕೆಮ್ಮಿಲ್ಲ, ಜ್ವರ ಇಲ್ಲ, ಎದೆಯ ಎಕ್ಸ್‌ರೇ ಸರಿ ಉಂಟು. ಹೊಟ್ಟೆಯೊಳಗೆ ಟಿಬಿ ಬರ್ತದೆ ಅಂತ ನಮಗೆ ಯಾರಿಗೂ ಗೊತ್ತಿರ್ಲಿಲ್ಲ. ಅತ್ತೆ ಅವಳ ಲೋಟ ಬೇರೆ ಇಡ್ಲಿಕ್ಕೆ ಶುರು ಮಾಡಿದ್ರು. ಆಶಾ ಕಾರ್ಯಕರ್ತೆ ಮನೆಗೆ ಬಂದು, ಇದು ಶ್ವಾಸಕೋಶದ್ದಲ್ಲ, ಉಸಿರಿನಿಂದ ಹರಡುವುದಿಲ್ಲ ಅಂತ ಕೂತು ತಿಳಿಸಿದ ಮೇಲೆ ಲೋಟ ಒಳಗೆ ಬಂತು. ಆರು ತಿಂಗಳು ಮಾತ್ರೆ ತಿಂದಳು. ಈಗ ಚೆನ್ನಾಗಿದ್ದಾಳೆ. ಮಗುವಿನ ವಿಷಯ ಇನ್ನೂ ಡಾಕ್ಟ್ರ ಹತ್ರ ನಡೀತಾ ಉಂಟು.

ಟ್ಯೂಬನ್ನು ಲ್ಯಾಬಿಗೆ ಕಳಿಸದೇ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಅದನ್ನು ಹೇಳ್ಲಿಕ್ಕೇ ಬರೆದದ್ದು.

ಸ್ಲೈಡ್ ನೋಡುವವಳು

ಅತ್ತಿಗೆ, ಇದನ್ನು ಬರೆದದ್ದು ಬಹಳ ಒಳ್ಳೆದಾಯ್ತು. ಹೆಂಗಸರ ಜನನಾಂಗದ ಟಿಬಿಯಲ್ಲಿ ಹೆಚ್ಚುಕಡಿಮೆ ಎಲ್ಲರಲ್ಲೂ ಟ್ಯೂಬಿಗೇ ಮೊದಲ ಏಟು, ಅದೂ ಎರಡೂ ಕಡೆ. ಶ್ವಾಸಕೋಶದಿಂದ ರಕ್ತದ ಮೂಲಕ ಬಂದು ಅಲ್ಲಿ ಕೂರ್ತದೆ. ಗರ್ಭಕೋಶದ ಒಳಪದರಕ್ಕೆ ಇಳಿಯುವುದು ಸುಮಾರು ಅರ್ಧದಷ್ಟು ಜನರಲ್ಲಿ. ಆದ್ದರಿಂದ ಒಳಪದರದ ಬಯಾಪ್ಸಿ ಸರಿ ಬಂತು ಅಂತ ಟಿಬಿ ಇಲ್ಲ ಅನ್ನುವ ಹಾಗಿಲ್ಲ.

ಸ್ಲೈಡಿನಲ್ಲಿ ಗ್ರ್ಯಾನ್ಯುಲೋಮಾ ಕಾಣ್ತದೆ: ಕಣಗಳ ಸಣ್ಣ ಗುಂಪು, ನಡುವೆ ಸತ್ತ ಅಂಗಾಂಶ, ಅಂಚಿನಲ್ಲಿ ಹಲವು ನ್ಯೂಕ್ಲಿಯಸ್ ಇರುವ ದೊಡ್ಡ ಲ್ಯಾಂಗ್ಹಾನ್ಸ್ ಕಣ. ಅದರ ಸುತ್ತಲಿನ ಒಳಪದರ ಕೆರಳಿ ಎಷ್ಟು ಬೆಳೆದಿರ್ತದೆ ಅಂದ್ರೆ ಅನುಭವ ಇಲ್ಲದವರು ಕ್ಯಾನ್ಸರ್ ಅಂತ ಭಾವಿಸುವ ಸಾಧ್ಯತೆ ಉಂಟು. ನಮಗೆ ಪಿ.ಜಿ. ಓದುವಾಗಲೇ ಇದನ್ನು ಒತ್ತಿ ಹೇಳಿಕೊಡ್ತಾರೆ.

ಸರ್ಜನ್‌ಗಳು ಯಾರಾದ್ರೂ ಇದನ್ನು ಓದ್ತಿದ್ರೆ ಒಂದು ವಿನಂತಿ. ಟಿಬಿಯ ಸಂಶಯ ಇದ್ರೆ ಟ್ಯೂಬಿನ ಒಂದು ತುಂಡನ್ನು ಫಾರ್ಮಲಿನ್‌ಗೆ (ಅಂಗಾಂಶ ಕೆಡದ ಹಾಗೆ ಇಡುವ ದ್ರವ) ಹಾಕದೆ ಸಲೈನ್‌ನಲ್ಲಿ ಬೇರೆಯಾಗಿ ಕಳಿಸಿ. ಫಾರ್ಮಲಿನ್‌ನಲ್ಲಿ ಬ್ಯಾಕ್ಟೀರಿಯಾ ಸಾಯ್ತದೆ, ಮತ್ತೆ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡ್ಲಿಕ್ಕೆ ಆಗುವುದಿಲ್ಲ. ಮದ್ದಿಗೆ ಬಗ್ಗದ ಟಿಬಿಯಾ ಅಂತ ತಿಳೀಲಿಕ್ಕೆ ಆ ತುಂಡೇ ಆಧಾರ. ಇನ್ನು, ಟಿಬಿ ಪತ್ತೆಯಾದ್ರೆ ಖಾಸಗಿ ಆಸ್ಪತ್ರೆಯಾದ್ರೂ ಸರ್ಕಾರಕ್ಕೆ ತಿಳಿಸ್ಲೇಬೇಕು ಅಂತ 2012ರಿಂದ ನಿಯಮ ಉಂಟು. ಮದ್ದು ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಮದ್ದು ತಿನ್ನುವಷ್ಟು ಕಾಲ ತಿಂಗಳಿಗೆ 1000 ರೂಪಾಯಿ ಬ್ಯಾಂಕ್ ಖಾತೆಗೆ ಬರ್ತದೆ, 2024ರ ನವೆಂಬರ್‌ಗಿಂತ ಮೊದಲು ಅದು 500 ಇತ್ತು. ಶ್ವಾಸಕೋಶದ ಟಿಬಿ ಅಲ್ಲ ಅಂತ ಯಾರೂ ಅದನ್ನು ಬಿಡ್ಬೇಡಿ.

ಪಡುಬಿದ್ರಿ ಕಡಲತೀರ

ಗಂಡಸರು ಇಲ್ಲಿ ಬರೀಬಹುದಾ ಗೊತ್ತಿಲ್ಲ. ನನ್ನ ಹೆಂಡತಿಗೆ ಟ್ಯೂಬಿನಲ್ಲಿ ಗರ್ಭ ನಿಂತು ಒಡೆಯಿತು. ಬೆಳಿಗ್ಗೆ ಹೊಟ್ಟೆನೋವು, ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿದು ಮಲಗಿದ್ಲು. ಭುಜದ ತುದಿ ನೋಯ್ತದೆ ಅಂದ್ಲು. ಮಧ್ಯಾಹ್ನಕ್ಕೆ ಬಚ್ಚಲಲ್ಲಿ ಕುಸಿದಳು. ಆಂಬುಲೆನ್ಸಿನಲ್ಲಿ ಉಡುಪಿಗೆ ಹೋಗುವಾಗ ಬಿ.ಪಿ. ಸಿಗ್ತಿರ್ಲಿಲ್ಲ. ಬಲಗಡೆ ಟ್ಯೂಬ್ ತೆಗೆದ್ರು. ಜೀವ ಉಳೀತು.

ರಿಪೋರ್ಟಲ್ಲಿ ಆಂಪುಲ್ಲಾದಲ್ಲಿ ಕೋರಿಯಾನಿಕ್ ವಿಲ್ಲೈ ಕಂಡಿದೆ ಅಂತ ಉಂಟು. ಜೊತೆಗೆ ಸಾಲ್ಪಿಂಜೈಟಿಸ್ ಇಸ್ತ್ಮಿಕಾ ನೋಡೋಸಾ ಅಂತ ಒಂದು ಸಾಲು. ಆ ಸಾಲಿನ ಬಗ್ಗೆ ನಮಗೆ ಯಾರೂ ಏನೂ ಹೇಳ್ಲಿಲ್ಲ. ಮತ್ತೆ ಮಗು ಬೇಕು ಅಂತ ಅವಳಿಗೆ ಆಸೆ ಉಂಟು. ನನಗೆ ಭಯ.

ಸ್ಲೈಡ್ ನೋಡುವವಳು

ಅಣ್ಣ, ಧಾರಾಳವಾಗಿ ಬರೀಬಹುದು. ನಿಮ್ಮಿಬ್ಬರಿಗೂ ಇದು ಎಷ್ಟು ದೊಡ್ಡ ಏಟು ಅಂತ ಅರ್ಥ ಆಗ್ತದೆ.

ವಿಲ್ಲೈ ಅಂದ್ರೆ ಬೆಳೆಯುತ್ತಿದ್ದ ಮಾಸದ ಎಳೆಗಳು. ಅವು ಕಂಡವು ಅಂದ್ರೆ ಗರ್ಭ ಆ ಟ್ಯೂಬಿನಲ್ಲೇ ಇತ್ತು, ಅದು ಹೊರಬಂತು ಅಂತ ಖಚಿತ. ಗರ್ಭಕೋಶದ ಹೊರಗೆ ನಿಲ್ಲುವ ಗರ್ಭಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಟ್ಯೂಬಿನಲ್ಲೇ ಇರ್ತವೆ, ಅದರಲ್ಲೂ ಸುಮಾರು 70 ಆಂಪುಲ್ಲಾ ಅನ್ನುವ ಅಗಲದ ಭಾಗದಲ್ಲಿ. ಹೊಟ್ಟೆಯೊಳಗೆ ರಕ್ತ ತುಂಬಿದಾಗ ಭುಜದ ತುದಿಯಲ್ಲಿ ನೋವು ಬರುವುದು ಇದರ ಗುರುತು, ಓದುವವರೆಲ್ಲ ನೆನಪಿಡಿ.

ಇನ್ನು ಆ ಒಂದು ಸಾಲು. ಟ್ಯೂಬ್ ಗರ್ಭಕೋಶಕ್ಕೆ ಸೇರುವ ಕಡೆಯ ಕಿರಿದಾದ ಭಾಗಕ್ಕೆ ಇಸ್ತ್ಮಸ್ ಅಂತಾರೆ. ಅಲ್ಲಿನ ಒಳಪದರ ಮಾಂಸದ ಗೋಡೆಯೊಳಗೆ ನುಗ್ಗಿ ಸಣ್ಣ ಸಣ್ಣ ಚೀಲ ಮಾಡ್ತದೆ, ಸುತ್ತ ಮಾಂಸ ದಪ್ಪಗಾಗ್ತದೆ. ಕೈಯಲ್ಲಿ ಹಿಡಿದ್ರೆ ಗಂಟು ಸಿಗ್ತದೆ. ಫಲಿತ ಅಂಡ ದಾಟುವ ದಾರಿಗೆ ಇದು ಅಡ್ಡಿ. ಮುಖ್ಯ ವಿಷಯ ಏನೆಂದ್ರೆ ಇದು ಹೆಚ್ಚಾಗಿ ಎರಡೂ ಕಡೆ ಇರ್ತದೆ. ಆದ್ದರಿಂದ ಉಳಿದ ಟ್ಯೂಬಿನ ಸ್ಥಿತಿ ಹೇಗಿದೆ ಅಂತ ಮುಂದಿನ ಗರ್ಭಕ್ಕೆ ಮೊದಲು ನಿಮ್ಮ ಗೈನಕಾಲಜಿಸ್ಟ್ ಹತ್ರ ಕೇಳ್ಬೇಕು. ರಿಪೋರ್ಟ್ ತಗೊಂಡು ಹೋಗಿ, ಆ ಸಾಲಿಗೆ ಬೆರಳಿಟ್ಟು ಕೇಳಿ.

ಹೆರಿಗೆ ವಾರ್ಡಿನ ಡಾಕ್ಟರ್

ಮೇಲಿನ ಮೇಡಂ ಹೇಳಿದ್ದು ಸರಿ. ನಾನು ಮಂಗಳೂರಿನಲ್ಲಿ ಗೈನಕಾಲಜಿಸ್ಟ್. ಅಣ್ಣ, ಒಮ್ಮೆ ಹೀಗಾದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಮತ್ತೆ ಆಗುವ ಸಾಧ್ಯತೆ ಉಂಟು. ಹಾಗೇ ಒಳ್ಳೆ ಗರ್ಭ ನಿಂತು ಹೆರಿಗೆಯಾದವರೂ ಬಹಳ ಜನ. ಮುಟ್ಟು ನಿಂತ ಕೂಡ್ಲೇ ಯೂರಿನ್ ಟೆಸ್ಟ್ ಮಾಡಿ, ಪಾಸಿಟಿವ್ ಬಂದ್ರೆ ಆರು ವಾರಕ್ಕೇ ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿಸಿ, ಗರ್ಭ ಸರಿಯಾದ ಜಾಗದಲ್ಲಿ ಉಂಟಾ ನೋಡಿ. ಮೂರು ತಿಂಗಳು ತುಂಬಲಿ ಅಂತ ಮನೆಯಲ್ಲಿ ಹಿರಿಯರು ಹೇಳ್ತಾರೆ, ನಿಮ್ಮ ವಿಷಯದಲ್ಲಿ ಕಾಯ್ಲಿಕ್ಕೆ ಆಗುವುದಿಲ್ಲ. ಅವರ ರಕ್ತದ ಗುಂಪು ನೆಗೆಟಿವ್ ಆಗಿದ್ರೆ ಆಗ ಮುಂದಿನ ಗರ್ಭಕ್ಕೆ ತೊಂದರೆ ಆಗದ ಹಾಗೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿದ್ರಾ ಅಂತ ಡಿಸ್ಚಾರ್ಜ್ ಸಮರಿಯಲ್ಲಿ ನೋಡಿ.

ಕುಂದಾಪ್ರ ಬದಿಯವ

ಹೋಯ್, ನಂದೂ ಒಂದ್ ವಿಷ್ಯ ಇತ್ತ್. ನಮ್ ಅಬ್ಬಿಗೆ (ಅಮ್ಮಂಗೆ) ಆಪ್ರೇಷನ್ ಆಯ್ತ್, ಗರ್ಭಕೋಶ, ಟ್ಯೂಬ್, ಓವರಿ ಎಲ್ಲ ತೆಗ್ದ್ರ್. ಸಿಸ್ಟರ್ ಒಂದ್ ಪ್ಲಾಸ್ಟಿಕ್ ಡಬ್ಬಿ ನನ್ ಕೈಗೆ ಕೊಟ್ಟ್, ಇದನ್ನ್ ಲ್ಯಾಬಿಗೆ ಕೊಟ್ಟ್ ಬನ್ನಿ ಅಂದ್ರ್. ಶನಿವಾರ ಸಂಜಿ. ಲ್ಯಾಬ್ ಬಾಗ್ಲ್ ಹಾಕಿತ್ತ್. ಸೋಮವಾರ ಕೊಟ್ಟೆ.

ರಿಪೋರ್ಟ್ ಬಂದಾಗ ಟ್ಯೂಬ್ ಮತ್ತೆ ಓವರಿ ಆಟೋಲೈಸ್ ಆಗಿದೆ, ಅಭಿಪ್ರಾಯ ಕೊಡ್ಲಿಕ್ಕೆ ಆಗುವುದಿಲ್ಲ ಅಂತ ಬರೆದಿತ್ತು. ಡಬ್ಬಿಯಲ್ಲಿ ಇದ್ದದ್ದು ಬರೀ ಸಲೈನ್ ಅಂತ ಲ್ಯಾಬಿನವರು ಹೇಳಿದ್ರು. ನರ್ಸಿಂಗ್ ಹೋಮಿನಲ್ಲಿ ಕೇಳಿದ್ರೆ ನೀವು ತಡ ಮಾಡಿದ್ದು ಅಂದ್ರು. ಯಾವ ನೀರಲ್ಲಿ ಹಾಕ್ಬೇಕು, ಎಷ್ಟು ಹೊತ್ತಿನೊಳಗೆ ಮುಟ್ಟಿಸ್ಬೇಕು ಅಂತ ನನಗೆ ಒಂದು ಮಾತು ಹೇಳಿದವರಿಲ್ಲ. ಅಬ್ಬಿಯ ಅಕ್ಕ ಓವರಿ ಕ್ಯಾನ್ಸರಿನಲ್ಲಿ ತೀರಿಹೋದವರು. ನಮಗೆ ಬೇಕಾದದ್ದೇ ಆ ಉತ್ತರ, ಈಗ ಅದು ಯಾವತ್ತೂ ಸಿಗುವುದಿಲ್ಲ.

ಸ್ಲೈಡ್ ನೋಡುವವಳು

ಓದಿ ಹೊಟ್ಟೆ ಉರೀತು. ಇದು ಸಂಬಂಧಿಕರ ತಪ್ಪೇ ಅಲ್ಲ. ದೇಹದಿಂದ ತೆಗೆದ ಅಂಗಾಂಶ ರಕ್ತ ನಿಂತ ಕ್ಷಣದಿಂದ ತನ್ನನ್ನು ತಾನೇ ಕರಗಿಸಿಕೊಳ್ಳಲಿಕ್ಕೆ ಶುರು ಮಾಡ್ತದೆ. ನಮ್ಮ ಕರಾವಳಿಯ ಸೆಕೆಗೆ ಇನ್ನೂ ಬೇಗ. ಮೊದಲು ಹಾಳಾಗುವುದೇ ಟ್ಯೂಬಿನ ಒಳಪದರ, ಯಾಕಂದ್ರೆ ಅದು ಒಂದೇ ಸಾಲು ಕಣ. ಸಲೈನ್ ಅದನ್ನು ತಡೆಯುವುದಿಲ್ಲ.

ಬೇಕಾದದ್ದು 10 ಶೇಕಡಾ ಬಫರ್ ಮಾಡಿದ ಫಾರ್ಮಲಿನ್, ಅಂಗದ ಗಾತ್ರದ ಹತ್ತು ಪಟ್ಟು. ಬಾಯಿ ಅಗಲದ ಡಬ್ಬಿ. ಮುಚ್ಚಳದ ಮೇಲೆ ಅಲ್ಲ, ಡಬ್ಬಿಯ ಮೈ ಮೇಲೆ ಹೆಸರು, ನಂಬರ್, ಯಾವ ಕಡೆಯದ್ದು ಅಂತ ಬರೆದ ಲೇಬಲ್. ಮುಚ್ಚಳ ಅದಲುಬದಲಾಗಬಹುದು. ಬಲ, ಎಡ ಟ್ಯೂಬ್ ಬೇರೆ ಬೇರೆ ಗುರುತು. ಇದೆಲ್ಲ ಆಪರೇಷನ್ ಥಿಯೇಟರಿನಲ್ಲೇ ಆಗ್ಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಲ್ಯಾಬ್ ಅದೇ ಕಟ್ಟಡದಲ್ಲಿರ್ತದೆ, ಅಟೆಂಡರ್ ತಂದುಕೊಡ್ತಾರೆ. ಸಣ್ಣ ನರ್ಸಿಂಗ್ ಹೋಮಿನಲ್ಲಿ ಮನೆಯವರ ಕೈಗೆ ಡಬ್ಬಿ ಬರುವ ಪದ್ಧತಿ ಇನ್ನೂ ಉಂಟು. ನಿಮ್ಮ ಕೈಗೆ ಬಂದ್ರೆ ಒಂದೇ ಪ್ರಶ್ನೆ ಕೇಳಿ: "ಸಿಸ್ಟರ್, ಇದರಲ್ಲಿ ಫಾರ್ಮಲಿನ್ ಹಾಕಿದ್ದೀರಾ?" ಫಾರ್ಮಲಿನ್‌ಗೆ ಕಣ್ಣು ಮೂಗು ಉರಿಯುವ ಘಾಟು ವಾಸನೆ ಇರ್ತದೆ. ಮುಚ್ಚಳ ತೆಗೆದು ಮೂಸ್ಬೇಡಿ, ಆದ್ರೆ ಕೇಳದೆ ಹೊರಡ್ಬೇಡಿ.

ನಿಮ್ಮ ಮನೆಯ ವಿಷಯಕ್ಕೆ ಹೇಳುವುದಾದ್ರೆ, ದೊಡ್ಡಮ್ಮನಿಗೆ ಓವರಿ ಕ್ಯಾನ್ಸರ್ ಇತ್ತು ಅಂದ ಮೇಲೆ ಅಬ್ಬಿಯ ರಕ್ತದಿಂದ ಜೀನ್ ಪರೀಕ್ಷೆ ಮಾಡಿಸುವ ದಾರಿ ಈಗಲೂ ತೆರೆದೇ ಉಂಟು. ಆ ಉತ್ತರ ಟ್ಯೂಬಿನ ಜೊತೆ ಹೋಗ್ಲಿಲ್ಲ. ಮಣಿಪಾಲದಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವೇ ಉಂಟು, ಅಲ್ಲಿ ಕೌನ್ಸೆಲಿಂಗ್‌ಗೆ ಹೋಗಿ. ನಿಮ್ಮ ಅಕ್ಕತಂಗಿಯರಿಗೂ ಅದು ಬೇಕಾಗ್ತದೆ, ನಿಮಗೂ ಬೇಕಾಗ್ತದೆ, ಗಂಡಸರಲ್ಲೂ ಆ ಜೀನ್ ಮುಂದಕ್ಕೆ ಹೋಗ್ತದೆ.

ಕದ್ರಿಯ ಮಗಳು

ನಾನು ಬಿ.ಆರ್.ಸಿ.ಎ. 1 ಪಾಸಿಟಿವ್, ಅಂದ್ರೆ ಓವರಿ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಜೀನ್ ದೋಷ ನನ್ನಲ್ಲಿ ಉಂಟು. ಅಮ್ಮನನ್ನು ಕಳ್ಕೊಂಡದ್ದು ಇದರಲ್ಲೇ. ಹೊಟ್ಟೆ ಉಬ್ಬರ, ಊಟ ಸೇರುವುದಿಲ್ಲ ಅಂತ ಶುರುವಾಗಿ ಗೊತ್ತಾಗುವಾಗ ಮೂರನೇ ಹಂತ. ನನಗೆ 38 ಆದಾಗ ಟ್ಯೂಬ್, ಓವರಿ ಎರಡನ್ನೂ ತೆಗೆಸಿದೆ. ಮುಟ್ಟು ಏಕಾಏಕಿ ನಿಂತದ್ದು, ಮೈ ಬಿಸಿಯೇರುವುದು, ನಿದ್ದೆ ಬಾರದ್ದು, ಇದನ್ನೆಲ್ಲ ಅನುಭವಿಸಿದ್ದೇನೆ. ಆದ್ರೂ ತೆಗೆಸಿದ್ದಕ್ಕೆ ಒಂದು ದಿನವೂ ಬೇಸರ ಆಗ್ಲಿಲ್ಲ.

ನನ್ನ ರಿಪೋರ್ಟಲ್ಲಿ ಎಡಗಡೆ ಫಿಂಬ್ರಿಯಾದಲ್ಲಿ ಪಿ53 ಸಿಗ್ನೇಚರ್ ಅಂತ ಇತ್ತು, ಸ್ಟಿಕ್ ಇಲ್ಲ ಅಂತ ಇತ್ತು. ಮೇಡಂ, ಇದನ್ನು ಎಲ್ಲರಿಗೂ ಅರ್ಥ ಆಗುವ ಹಾಗೆ ಒಮ್ಮೆ ಬರೀತೀರಾ? ಈ ವಿಷಯದ ಬಗ್ಗೆ ಕನ್ನಡದಲ್ಲಿ ಓದ್ಲಿಕ್ಕೆ ನನಗೆ ಏನೂ ಸಿಗ್ಲಿಲ್ಲ.

ಸ್ಲೈಡ್ ನೋಡುವವಳು

ಬರೀತೇನೆ. ಸಂತೆಕಟ್ಟೆಯ ತಂಗಿ ಕೇಳಿದ "ಟ್ಯೂಬ್ ಯಾಕೆ ತೆಗೆದದ್ದು" ಅನ್ನುವುದಕ್ಕೂ ಉತ್ತರ ಇದರಲ್ಲೇ ಉಂಟು.

ಟ್ಯೂಬ್ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ. ಓವರಿಯ ಕಡೆಯ ತುದಿ ಬೆರಳುಗಳ ಹಾಗೆ ಬಿಡಿಬಿಡಿಯಾಗಿ ಹರಡಿರ್ತದೆ, ಅದು ಫಿಂಬ್ರಿಯಾ. 16ನೇ ಶತಮಾನದಲ್ಲಿ ಇಟಲಿಯ ಫಲೋಪಿಯೊ ಈ ನಾಳವನ್ನು ವಿವರಿಸಿದ. ಆಮೇಲೆ ನಾನೂರು ವರ್ಷ ಇದು ಬರೀ ಅಂಡ ಸಾಗುವ ದಾರಿ ಅಂತ ಎಲ್ಲರ ಲೆಕ್ಕ. ಓವರಿ ಕ್ಯಾನ್ಸರ್ ಓವರಿಯಲ್ಲೇ ಹುಟ್ಟುವುದು ಅಂತ ನಂಬಿಕೆ. ಓವರಿಯಲ್ಲಿ ಅದರ ಮೊದಲ ಹಂತ ಎಷ್ಟು ಹುಡುಕಿದ್ರೂ ಸಿಗ್ತಿರ್ಲಿಲ್ಲ.

2001ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು, ಕ್ಯಾನ್ಸರ್ ಅಪಾಯ ಇದ್ದ ಹೆಂಗಸರಿಂದ ಮುನ್ನೆಚ್ಚರಿಕೆಗೆ ತೆಗೆದ ಟ್ಯೂಬುಗಳಲ್ಲಿ ಅಸಹಜ ಕಣಗಳನ್ನು ಕಂಡರು. ಆಮೇಲೆ ಬಾಸ್ಟನ್‌ನ ಪೆಥಾಲಜಿಸ್ಟ್‌ಗಳು ಟ್ಯೂಬ್ ಕತ್ತರಿಸುವ ರೀತಿಯನ್ನೇ ಬದಲಿಸಿದ್ರು. ಹಿಂದೆ ನಡುವಿನ ಒಂದು ತುಂಡು ತೆಗೆದು ನೋಡಿ ಮುಗಿಸ್ತಿದ್ರು. ಅವರು ತುದಿಯ ಸುಮಾರು 2 ಸೆಂಟಿಮೀಟರನ್ನು ಬೇರೆ ಮಾಡಿ ಉದ್ದಕ್ಕೆ ಸೀಳಿದ್ರು, ಉಳಿದದ್ದನ್ನು 2-3 ಮಿಲಿಮೀಟರಿಗೆ ಒಂದರಂತೆ ಅಡ್ಡ ಕತ್ತರಿಸಿದ್ರು, ಒಂದು ಚೂರೂ ಬಿಡದೆ ಎಲ್ಲವನ್ನೂ ಸ್ಲೈಡ್ ಮಾಡಿದ್ರು. ಸೀ-ಫಿಮ್ ವಿಧಾನ ಅಂತಾರೆ. ಆಗ ಗೊತ್ತಾಯ್ತು, ಅಷ್ಟು ವರ್ಷ ಹುಡುಕಿದ ಮೊದಲ ಹಂತ ಹೆಚ್ಚಾಗಿ ಇದ್ದದ್ದು ಫಿಂಬ್ರಿಯಾದಲ್ಲಿ.

ಮೈಕ್ರೋಸ್ಕೋಪಿನಲ್ಲಿ ಫಿಂಬ್ರಿಯಾ ಬಹಳ ಚಂದ. ಒಂದು ಕಣಕ್ಕೆ ಕೂದಲೆಳೆಯಂಥ ಸೀಲಿಯಾ, ಪಕ್ಕದ್ದು ದ್ರವ ಸ್ರವಿಸುವ ಕಣ, ಹೀಗೆ ಬೆರೆತು ಒಂದು ಸಾಲು. ಅದರ ನಡುವೆ ಎಲ್ಲೋ ಒಂದು ಕಡೆ ಸೀಲಿಯಾ ಇಲ್ಲ, ನ್ಯೂಕ್ಲಿಯಸ್ ದೊಡ್ಡದಾಗಿ ಕಪ್ಪಾಗಿದೆ, ಕಣಗಳು ಸಾಲು ತಪ್ಪಿ ಒಂದರ ಮೇಲೊಂದು ಏರಿವೆ. ಇಡೀ ಜಾಗ ಒಂದು ಮಿಲಿಮೀಟರಿಗಿಂತ ಕಡಿಮೆ ಇರಬಹುದು. ಅದು ಸ್ಟಿಕ್: ಒಳಪದರದಲ್ಲೇ ಇರುವ, ಇನ್ನೂ ಆಳಕ್ಕೆ ಇಳಿಯದ ಕ್ಯಾನ್ಸರ್. ಖಚಿತ ಮಾಡ್ಲಿಕ್ಕೆ ಪಿ53 ಮತ್ತು ಕೆಐ-67 ಅನ್ನುವ ಎರಡು ಸ್ಟೇನ್ (ಬಣ್ಣದ ಪರೀಕ್ಷೆ) ಹಾಕ್ತೇವೆ. ಪಿ53 ಒಂದೋ ಎಲ್ಲ ಕಣಗಳಲ್ಲೂ ಗಾಢವಾಗಿ ಬರ್ತದೆ, ಇಲ್ಲವೇ ಪೂರ್ತಿ ಇಲ್ಲವಾಗ್ತದೆ. ಕೆಐ-67 ಹೆಚ್ಚಿದ್ರೆ ಕಣಗಳು ಜೋರಾಗಿ ಒಡೆದು ಬೆಳೀತಿವೆ ಅಂತ.

ಕದ್ರಿಯ ಮಗಳೇ, ನಿಮ್ಮ ಪಿ53 ಸಿಗ್ನೇಚರ್ ಅದಲ್ಲ. ಕಣಗಳು ನೋಡ್ಲಿಕ್ಕೆ ಸಹಜವಾಗೇ ಇರ್ತವೆ, ಬೆಳವಣಿಗೆ ನಿಧಾನ, ಪಿ53 ಮಾತ್ರ ಬದಲಾಗಿರ್ತದೆ. ಬಿ.ಆರ್.ಸಿ.ಎ. ಇಲ್ಲದ ಹೆಂಗಸರಲ್ಲೂ ಇದು ಸಿಗ್ತದೆ. ಇದೊಂದರಿಂದಲೇ ಹೆಚ್ಚಿನ ಚಿಕಿತ್ಸೆ ಬೇಡ.

ಸ್ಟಿಕ್‌ನಿಂದ ಓವರಿಗೆ ಹರಡಿದ ಕ್ಯಾನ್ಸರ್ ಆಗ್ಲಿಕ್ಕೆ ಸರಾಸರಿ ಆರೂವರೆ ವರ್ಷ ಬೇಕು ಅಂತ 2017ರಲ್ಲಿ ಜೀನ್ ಲೆಕ್ಕಾಚಾರದಿಂದ ಅಂದಾಜು ಮಾಡಿದ್ದಾರೆ. ಆ ಆರೂವರೆ ವರ್ಷದಲ್ಲಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ, ಸಿ.ಎ. 125 ಅನ್ನುವ ರಕ್ತಪರೀಕ್ಷೆಯಲ್ಲಿ ತಿಳಿಯುವುದಿಲ್ಲ. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಸ್ಕ್ರೀನಿಂಗ್ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ವರ್ಷವರ್ಷ ಪರೀಕ್ಷೆ ಮಾಡಿದ್ರೂ ಓವರಿ ಕ್ಯಾನ್ಸರಿನ ಸಾವು ಕಡಿಮೆ ಆಗ್ಲಿಲ್ಲ. ಹಾಗಾಗಿ ಬೇರೆ ಕಾರಣಕ್ಕೆ ಹೊಟ್ಟೆ ತೆರೆದಾಗ, ಮಕ್ಕಳು ಸಾಕು ಅಂದವರಲ್ಲಿ, ಓವರಿ ಉಳಿಸಿ ಟ್ಯೂಬ್ ತೆಗೆಯುವ ಪದ್ಧತಿ ಬಂತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ ಮಾಡ್ತಿದ್ದಾರೆ. ಅಕ್ಕನಿಗೆ ಮಾಡಿದ್ದೂ ಅದೇ. ಓವರಿ ಇರುವುದರಿಂದ ಹಾರ್ಮೋನು ಹಾಗೇ ಉಂಟು. ಒಳ್ಳೆ ಕೆಲಸವೇ ಮಾಡಿದ್ದಾರೆ, ಆಪರೇಷನ್ನಿಗೆ ಮೊದಲೇ ಕೂರಿಸಿ ಹೇಳ್ಬೇಕಿತ್ತು.

ಹೆರಿಗೆ ವಾರ್ಡಿನ ಡಾಕ್ಟರ್

ಇಲ್ಲಿ ನನ್ನದೊಂದು ಎಚ್ಚರಿಕೆಯ ಮಾತು. ಇದನ್ನು ಓದಿ ಯಾರೂ ಟ್ಯೂಬ್ ತೆಗೆಸ್ಲಿಕ್ಕೆ ಅಂತಲೇ ಆಪರೇಷನ್ ಮಾಡಿಸ್ಬೇಡಿ. ಅಮೆರಿಕದಲ್ಲೇ ಜೀವಮಾನದಲ್ಲಿ ಓವರಿ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಒಂದರ ಹತ್ತಿರ, ನಮ್ಮಲ್ಲಿ ಅದಕ್ಕಿಂತ ಕಡಿಮೆ. ಬಿ.ಆರ್.ಸಿ.ಎ. 1 ಇದ್ದವರಲ್ಲಿ 39ರಿಂದ 58 ಶೇಕಡಾ, ಅವರ ಲೆಕ್ಕವೇ ಬೇರೆ. ಅವರಿಗೆ 35ರಿಂದ 40ರೊಳಗೆ, ಬಿ.ಆರ್.ಸಿ.ಎ. 2 ಇದ್ದವರಿಗೆ 40ರಿಂದ 45ರೊಳಗೆ ಓವರಿ ಸಹಿತ ತೆಗೆಯುವುದು ಈಗಿನ ಸಲಹೆ. ಮೊದಲು ಟ್ಯೂಬ್, ಆಮೇಲೆ ಓವರಿ ಅನ್ನುವ ಕ್ರಮ ಇನ್ನೂ ಅಧ್ಯಯನದ ಹಂತದಲ್ಲಿ ಉಂಟು.

ಸಂತಾನ ನಿಯಂತ್ರಣದ ಆಪರೇಷನ್ನಿನಲ್ಲೂ ಟ್ಯೂಬನ್ನು ಕಟ್ಟುವ ಬದಲು ಪೂರ್ತಿ ತೆಗೀಬೇಕು ಅಂತ ಹೊರದೇಶದಲ್ಲಿ ಹೇಳ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ನಮ್ಮಲ್ಲಿ ಇಪ್ಪತ್ತಾರು, ಇಪ್ಪತ್ತೇಳಕ್ಕೇ ಆಪರೇಷನ್ ಮಾಡಿಸ್ತಾರೆ. ಆಮೇಲೆ ಮಗು ತೀರಿಹೋಗಿ, ಟ್ಯೂಬ್ ಮತ್ತೆ ಜೋಡಿಸಿ ಕೊಡಿ ಮೇಡಂ ಅಂತ ಬಂದ ತಾಯಂದಿರ ಮುಂದೆ ನಾನು ಕೂತಿದ್ದೇನೆ. ಪೂರ್ತಿ ತೆಗೆದ ಮೇಲೆ ಜೋಡಿಸ್ಲಿಕ್ಕೆ ಏನೂ ಇರುವುದಿಲ್ಲ, ಐವಿಎಫ್ ಒಂದೇ ದಾರಿ, ಅದರ ಖರ್ಚು ಎಷ್ಟು ಮನೆಯವರಿಗೆ ಆಗ್ತದೆ?

ಸ್ಲೈಡ್ ನೋಡುವವಳು

ಡಾಕ್ಟ್ರೇ, ಎಳೆ ವಯಸ್ಸಿನವರ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಎದುರುತ್ತರ ಇಲ್ಲ. ನನ್ನ ಹಟ ಬೇರೆ. ತೆಗೆದದ್ದನ್ನು ಪೂರ್ತಿ ನೋಡಿ. ಅಪಾಯ ಇರುವವರದ್ದು ಚೂರೂ ಬಿಡದೆ ಸ್ಲೈಡ್ ಆಗ್ಬೇಕು, ಬಿ.ಆರ್.ಸಿ.ಎ. ಇದ್ದವರ ಟ್ಯೂಬಿನಲ್ಲಿ ನೂರಕ್ಕೆ ಐದಾರು ಜನರಲ್ಲಿ ಸ್ಟಿಕ್ ಸಿಗ್ತದೆ. ಸಾಮಾನ್ಯ ಗರ್ಭಕೋಶದ ಆಪರೇಷನ್ನಿನಲ್ಲಾದ್ರೂ ಎರಡು ಕಡೆಯ ಫಿಂಬ್ರಿಯಾ ಪೂರ್ತಿ ಹಾಕ್ಬೇಕು. ಎರಡು ಬ್ಲಾಕ್ (ಅಂಗಾಂಶ ಕೂರಿಸಿದ ಮೇಣದ ತುಂಡು) ಹೆಚ್ಚಾಗ್ತದೆ, ಅಷ್ಟೇ. ಬ್ಲಾಕಿಗೆ ಇಷ್ಟು ಅಂತ ಲೆಕ್ಕ ಹಾಕುವ ಲ್ಯಾಬುಗಳಲ್ಲಿ ಬಿಲ್ ಸ್ವಲ್ಪ ಏರಬಹುದು. ಒಪ್ಪುತ್ತೇನೆ, ನಮ್ಮ ಟೆಕ್ನೀಷಿಯನ್‌ಗಳ ಮೇಲೆ ಹೊರೆಯೂ ಏರ್ತದೆ. ಆದ್ರೆ ನಡುವಿನ ಒಂದು ತುಂಡು ನೋಡಿ ಟ್ಯೂಬ್ ಸರಿ ಉಂಟು ಅಂತ ಬರೆಯುವುದು, ಹುಡುಕ್ಬೇಕಾದ ಜಾಗವನ್ನೇ ಬಿಟ್ಟು ಹುಡುಕಿದ ಹಾಗೆ.

ಸರ್ಜನ್‌ಗಳೂ ಫಿಂಬ್ರಿಯಾವನ್ನು ಕ್ಲಾಂಪಿನಿಂದ ಹಿಚುಕ್ಬೇಡಿ, ಕಾಟರಿಯಿಂದ ಸುಡ್ಬೇಡಿ. ಸುಟ್ಟ ಕಣಗಳು ಉದ್ದಕ್ಕೆ ಎಳೆದುಕೊಂಡು ಕಪ್ಪಾಗಿ ಸ್ಟಿಕ್‌ನಂತೆಯೇ ಕಾಣ್ತವೆ, ನಮಗೆ ತಲೆಬಿಸಿ, ರೋಗಿಗೆ ಇಲ್ಲದ ಭಯ.

ಹೆರಿಗೆ ವಾರ್ಡಿನ ಡಾಕ್ಟರ್

ಫಿಂಬ್ರಿಯಾ ಪೂರ್ತಿ ನೋಡ್ಬೇಕು ಅನ್ನುವುದಕ್ಕೆ ನನ್ನ ಸಹಮತ. ನಾಳೆಯಿಂದ ನನ್ನ ರಿಕ್ವೆಸ್ಟ್ ಫಾರ್ಮಿನಲ್ಲಿ ಮನೆಯ ಕ್ಯಾನ್ಸರ್ ಹಿಸ್ಟರಿ, ಹಳೆ ಆಪರೇಷನ್ ಎರಡನ್ನೂ ಬರೀತೇನೆ.

ಬಂಟ್ವಾಳದ ಅತ್ತಿಗೆ

ಒಂದು ಕೊನೆಯ ಸಂಶಯ. ನಮ್ಮ ಪರಿಚಯದವರ ಟ್ಯೂಬ್ ರಿಪೋರ್ಟಲ್ಲಿ ಸ್ಟಿಕ್ ಸಂಶಯ ಅಂತ ಬಂದಿದೆ. ಮುಂಬೈಗೆ ಹೋಗಿ ಇನ್ನೊಂದು ಅಭಿಪ್ರಾಯ ತಗೊಳ್ಳಿ ಅಂತ ಎಲ್ಲರೂ ಹೇಳ್ತಾರೆ. ರಿಪೋರ್ಟಿನ ಝೆರಾಕ್ಸ್ ತಗೊಂಡು ಹೋದ್ರೆ ಸಾಕಾ?

ಸ್ಲೈಡ್ ನೋಡುವವಳು

ಸಾಲದು. ಬರೀ ರಿಪೋರ್ಟ್ ನೋಡಿ ಯಾರೂ ಇನ್ನೊಂದು ಅಭಿಪ್ರಾಯ ಕೊಡ್ಲಿಕ್ಕೆ ಆಗುವುದಿಲ್ಲ. ಲ್ಯಾಬಿಗೆ ಒಂದು ಅರ್ಜಿ ಬರೆದು ಸ್ಲೈಡ್ ಮತ್ತು ಮೇಣದ ಬ್ಲಾಕ್ ಎರಡನ್ನೂ ಕೇಳಿ. ಬ್ಲಾಕ್ ಇದ್ರೆ ಅವರು ಇನ್ನೂ ಆಳಕ್ಕೆ ಕತ್ತರಿಸಿ ಹೊಸ ಸ್ಲೈಡ್ ಮಾಡ್ತಾರೆ, ಪಿ53 ತಾವೇ ಹಾಕಿ ನೋಡ್ತಾರೆ. ಬ್ಲಾಕಿನ ನಂಬರಿಗೂ ರಿಪೋರ್ಟಿನ ನಂಬರಿಗೂ ಹೊಂದ್ತದಾ ಅಂತ ಅಲ್ಲೇ ನಿಂತು ನೋಡಿ. ಆಸ್ಪತ್ರೆಯ ದಾಖಲೆಗಳನ್ನು ಕೇಳಿದ 72 ಗಂಟೆಯೊಳಗೆ ಕೊಡ್ಬೇಕು ಅಂತ ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲಿ ಉಂಟು, ಆದ್ದರಿಂದ ಆಪರೇಷನ್ ನೋಟ್ಸ್ ಕೂಡ ಕೇಳಿ ಪಡೀರಿ. ಸ್ಲೈಡನ್ನು ಲ್ಯಾಬಿನವರು ಕೊಡುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲೇ ಇಡಿ, ಬ್ಲಾಕನ್ನು ಬಿಸಿಲಿಗೆ ಬಿದ್ದ ಕಾರಿನಲ್ಲಿ ಬಿಡ್ಬೇಡಿ, ಮೇಣ ಕರಗ್ತದೆ. ರೈಲಿನಲ್ಲಿ ಹೋಗುವುದಾದ್ರೆ ಕೈಚೀಲದಲ್ಲೇ ಇಟ್ಕೊಳ್ಳಿ. ಅಲ್ಲಿ ನೋಡಿ ಆದ ಮೇಲೆ ಬ್ಲಾಕ್ ವಾಪಸ್ ತಂದು ಇಲ್ಲಿನ ಲ್ಯಾಬಿಗೆ ಕೊಡಿ, ಮುಂದೆ ಯಾವತ್ತಾದ್ರೂ ಬೇಕಾಗಬಹುದು.